ಮೂರು ಮಳೆ ಕಂಡ ಒಣಮರ

ಫಾಲಿ ಕುಯಾತೆ ದಿನಾ ಬೆಳಿಗ್ಗೆ ಒಂದು ಸತ್ತ ಮರವನ್ನು ಮಾತಾಡಿಸಿಕೊಂಡು ಬರುತ್ತಿದ್ದ. ಊರಿಗೆ ಗೊತ್ತಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ನಮ್ಮ ಸಾನ್ಯಾಂಗ್‌ಕುಂದಾದವರಿಗೆ ನಗುವುದಕ್ಕೆ ಕಾರಣವೇ ಬೇಕಿಲ್ಲ, ಇನ್ನು ಇಂಥದ್ದು ಸಿಕ್ಕರೆ ಬಿಡುತ್ತಾರೆಯೇ? ಅದಕ್ಕೇ ಅವನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಹೊಳೆಯ ಕಡೆ ಹೋಗುವವನ ಹಾಗೆ ಹೆಗಲಿಗೆ ಚೀಲ ಹಾಕಿಕೊಂಡು ಹೊರಡುವುದು, ಭತ್ತದ ಗದ್ದೆ ಮುಗಿದ ಮೇಲೆ ಎಡಕ್ಕೆ ಹೊರಳಿ ಮುಳ್ಳುಪೊದೆಗೆ ನುಗ್ಗುವುದು, ಹುತ್ತಗಳ ಸಾಲಿನ ನಡುವೆ ಬಗ್ಗಿಕೊಂಡು ನಡೆದು ಮರದ ಬುಡಕ್ಕೆ ಹೋಗಿ ನಿಲ್ಲುವುದು.

"ಬಂದೆ ಕಣಪ್ಪಾ. ಹೆಂಗಿದೀಯ?" ಅನ್ನುತ್ತಿದ್ದ. ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ಕಿವಿ ಒತ್ತಿ ಕೇಳುತ್ತಿದ್ದ.

ಅದು ಕೆನೊ ಮರ. ಫಾಲಿ ಚಿಕ್ಕವನಿದ್ದಾಗ ಕೆನೊ ಎಲ್ಲಿಲ್ಲ ಹೇಳಿ, ಚಳಿ ಮುಗಿಯುವ ಹೊತ್ತಿಗೆ ಕಾಡಿಗೆ ಕಾಡೇ ಹಳದಿ ಹೂವು. ಈಗ ಹೋಗಿ ನೋಡಿದರೆ ಬರೀ ಬೊಡ್ಡೆಗಳು. ಕೆನೊ ಕಡಿದರೆ ಕೆಂಪು ರಸ ಸುರಿಯುತ್ತದೆ, ಥೇಟು ರಕ್ತ; ಅದು ಬೊಡ್ಡೆಯ ಮೇಲೆ ಒಣಗಿ ಕಪ್ಪಗೆ ಹೆಪ್ಪುಗಟ್ಟಿರುತ್ತದೆ. ಮರವೆಲ್ಲ ಲಾರಿ ಹತ್ತಿ ಗಡಿ ದಾಟಿ ಗ್ಯಾಂಬಿಯಾಕ್ಕೆ ಹೋಯಿತು, ಅಲ್ಲಿಂದ ಹಡಗು ಹತ್ತಿ ಚೀನಾಕ್ಕೆ ಹೋಯಿತು. ಯಾರದೋ ದೇಶದಲ್ಲಿ ಯಾರದೋ ಮಂಚ ಆಗಲಿಕ್ಕೆ. ಈ ಒಂದು ಮರ ಉಳಿದದ್ದು ಪೊದೆಯ ಮುಳ್ಳಿನ ದಯೆಯಿಂದ, ಮತ್ತೆ ಅದರ ಮೇಲಿದ್ದ ಜೇನಿನ ದಯೆಯಿಂದ.

ಫಾಲಿಯ ಅಪ್ಪ ಅವನನ್ನು ಹರೆಯದಲ್ಲೇ ಅಲ್ಲಿಗೆ ಕರೆದುಕೊಂಡು ಹೋಗಿ ಆ ಮರ ತೋರಿಸಿದ್ದ. "ಇದು ನಿನ್ನ ಕಾಲಕ್ಕೆ ಸಾಯುತ್ತೆ. ಅಲ್ಲೀವರೆಗೂ ಸುಮ್ನಿರು," ಅಂದಿದ್ದ. ಫಾಲಿಯ ಮನೆತನ ಜೆಲಿಗಳದು. ಒಡೆಯರ ವಂಶವನ್ನು ಹಾಡುವವರು, ಬಾಲಾ ಬಾರಿಸುವವರು, ಆ ಬಾಲಾವನ್ನು ಕೈಯಾರೆ ಮಾಡುವವರು. ಹತ್ತೊಂಬತ್ತು ಮರದ ಪಟ್ಟಿ, ಪ್ರತಿಯೊಂದರ ಕೆಳಗೆ ಒಂದು ಸೋರೆಬುರುಡೆ, ಬಾರಿಸಲಿಕ್ಕೆ ಎರಡು ಕೋಲು. ನೋಡಿದರೆ ಇಷ್ಟೇ. ಆದರೆ ಪಟ್ಟಿಗೆ ಹಸಿ ಕೆನೊ ಆಗುವುದಿಲ್ಲ. ಕಡಿದು ಒಣಗಿಸಿದ ಮರದ ಬಾಲಾ ಒಂದೇ ವರ್ಷಕ್ಕೆ ನೆಗಡಿ ಹಿಡಿದವರ ಹಾಗೆ ಮೂಗಿನಲ್ಲಿ ಮಾತಾಡತೊಡಗುತ್ತದೆ. ಮರ ತಾನಾಗಿ ಸಾಯಬೇಕು, ಸತ್ತ ಮೇಲೂ ನಿಂತಿರಬೇಕು, ಮೂರು ಮಳೆಗಾಲ ಅದನ್ನು ತೊಳೆಯಬೇಕು, ಆಮೇಲೆ ಉತ್ತರದ ಒಣಗಾಳಿ ಒಂದು ತಿಂಗಳು ಬೀಸಬೇಕು. ಆಮೇಲಷ್ಟೇ ಕೊಡಲಿ. ಈ ಕೆನೊ ಸಾಯಲಿ ಅಂತ ಫಾಲಿ ಮೂವತ್ತೊಂದು ವರ್ಷ ಕಾದಿದ್ದ. ಸತ್ತಿತು. ಮೂರು ಮಳೆಯೂ ಆಯಿತು. ಒಣಗಾಳಿ ಬೀಸತೊಡಗಿ ಹತ್ತು ದಿನವಾಗಿತ್ತು, ಇನ್ನಿಪ್ಪತ್ತು ದಿನ ಉಳಿದಿತ್ತು.

ಮರವನ್ನು ಮಾತಾಡಿಸಿದ ಮೇಲೆ ಅವನು ಇನ್ನೊಂದು ಕೆಲಸ ಮಾಡುತ್ತಿದ್ದ. ಕಣ್ಣು ಮುಚ್ಚಿ, ಬಾಯಿ ತುಸುವೇ ತೆರೆದು, ಒಂದು ದನಿ ಹಿಡಿಯುತ್ತಿದ್ದ. ಒಂದೇ ಒಂದು, ಉದ್ದಕ್ಕೆ, ಉಸಿರು ಇರುವಷ್ಟು ಹೊತ್ತು. ಅದು ಸತ್ತುಹೋದ ಹೆಂಡತಿ ತಿದಾಳ ದನಿ.

ಕುಯಾತೆಗಳಲ್ಲಿ ಬಾಲಾಕ್ಕೆ ಶ್ರುತಿ ಕೂಡಿಸುವುದು ಹೆಂಡತಿಯ ಗಂಟಲಿನಿಂದ. ಗಂಡ ಬಾಚಿ ಹಿಡಿದು ಕೂರುತ್ತಾನೆ, ಹೆಂಡತಿ ಎದುರು ಚಾಪೆಯಲ್ಲಿ ಕೂತು ತನಗೆ ಹಾಯಾಗಿ ಬರುವ ಮೊದಲ ದನಿ ಹಿಡಿಯುತ್ತಾಳೆ. ಮೊದಲ ಪಟ್ಟಿ ಅದಕ್ಕೆ ಸೇರುವ ತನಕ ಅವನು ಕೆರೆಯಬೇಕು. ಪಟ್ಟಿಯ ಹೊಟ್ಟೆ ಕೆರೆದರೆ ದನಿ ಇಳಿಯುತ್ತದೆ, ತುದಿ ಕೆರೆದರೆ ಏರುತ್ತದೆ. ಅದೊಂದು ಸೇರಿದರೆ ಉಳಿದ ಹದಿನೆಂಟು ಅದರ ಹಿಂದೆ ತಾವೇ ಬರುತ್ತವೆ. ಮದುವೆಯಾದ ವರ್ಷ ತಿದಾ ಹಾಗೆ ಕೂತು ಮೂರು ದಿನ ಅವನ ಪ್ರಾಣ ಹಿಂಡಿದ್ದಳು.

"ತುದಿ ಕೆರಿ. ಇನ್ನೂ ಸ್ವಲ್ಪ."

"ಸಾಕಲ್ವೇನೇ?"

"ಸಾಕು ಅಂದ್ನಾ ನಾನು? ಗಂಟಲು ನಂದು, ನಿಂಗೇನ್ ಗೊತ್ತು? ಕೆರಿ."

ಹಾಗೆ ಜಗಳವಾಡುತ್ತ ಮಾಡಿದ ಬಾಲಾವನ್ನು ಫಾಲಿ ಇಪ್ಪತ್ತಾರು ವರ್ಷ ಬಾರಿಸಿದ. ಅವನು ಮೊದಲ ಪಟ್ಟಿ ಮುಟ್ಟಿದರೆ ಸಾಕು, ಅವಳು ಅಡಿಗೆಮನೆಯಲ್ಲಿದ್ದರೂ ಹೊಲದಲ್ಲಿದ್ದರೂ ಬಾಯಿ ತೆರೆಯುತ್ತಿದ್ದಳು. ಮಕ್ಕಳಾಗಲಿಲ್ಲ. ಇನ್ನೊಂದು ಮದುವೆ ಮಾಡಿಕೋ ಅಂತ ಊರೇ ಹೇಳಿತು. "ಮಾಡ್ಕೋ, ಬೇಡ ಅಂದೋರ್ಯಾರು? ಆದ್ರೆ ಅವಳ ಗಂಟಲಿಗೆ ಇನ್ನೊಂದು ಬಾಲಾ ಮಾಡ್ಬೇಕಾಗುತ್ತೆ ನೋಡು, ಮೂರು ದಿನ," ಅಂತ ತಿದಾ ನಕ್ಕಿದ್ದಳು. ಅವನು ಮಾಡಿಕೊಳ್ಳಲಿಲ್ಲ.

ನಾಲ್ಕು ವರ್ಷದ ಹಿಂದೆ ಮಳೆಗಾಲದಲ್ಲಿ ಜ್ವರ ಬಂದು ಅವಳು ಹೋದಳು. ಅದರ ಮುಂದಿನ ಬೇಸಿಗೆಯಲ್ಲಿ ಮರ ಕಡಿಯುವವರು ದಾರಿ ಮಾಡಿಕೊಳ್ಳಲಿಕ್ಕೆ ಹುಲ್ಲಿಗೆ ಹಾಕಿದ ಬೆಂಕಿ ಹಾರಿ ಫಾಲಿಯ ಹುಲ್ಲುಮಾಡಿಗೆ ಬಿತ್ತು. ಅವನು ಹೊಲದಿಂದ ಓಡಿಬರುವುದರೊಳಗೆ ಬಾಲಾ ಬೂದಿಯಾಗಿತ್ತು. ಹೆಂಡತಿಯನ್ನು ಮಣ್ಣು ಮಾಡುವಾಗ ಅಳದವನು ಆ ಬೂದಿಯ ಮುಂದೆ ಕೂತು ಗೋಳೋ ಅಂತ ಅತ್ತ. ಜನ ತಪ್ಪು ತಿಳಿದುಕೊಂಡರು, ತಿಳಿದುಕೊಳ್ಳಲಿ.

ಈಗ ಅವಳ ದನಿ ಉಳಿದದ್ದು ಲೋಕದಲ್ಲಿ ಒಂದೇ ಕಡೆ, ಫಾಲಿಯ ತಲೆಯೊಳಗೆ. ಹೊಸ ಬಾಲಾ ಆಗುವ ತನಕ ಅದನ್ನು ಅಲ್ಲೇ ಕಾಪಾಡಬೇಕು. ಒಮ್ಮೆ ಪಟ್ಟಿಗೆ ಇಳಿಸಿಬಿಟ್ಟರೆ ಆಮೇಲೆ ತಾನು ಮರೆತರೂ ಚಿಂತೆಯಿಲ್ಲ, ಸತ್ತರೂ ಚಿಂತೆಯಿಲ್ಲ. ಮೊದಲ ವರ್ಷ ಬಾಯಿ ತೆರೆದರೆ ದನಿ ತಾನಾಗಿ ಬರುತ್ತಿತ್ತು. ಎರಡನೆಯ ವರ್ಷ ಒಂದೆರಡು ಉಸಿರು ಹುಡುಕಬೇಕಾಯಿತು. ಈಚೆಗೆ ಕೆಲವು ಬೆಳಗ್ಗೆ ಅದು ಬರುತ್ತಲೇ ಇರಲಿಲ್ಲ. ಆಗ ಮರಕ್ಕೆ ಒರಗಿ ಕೂತು, ಅವಳು ಬೈದದ್ದೆಲ್ಲ ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದ. ಬೈಗಳ ಹಿಂದೆಯೇ ದನಿಯೂ ಬಂದುಬಿಡುತ್ತಿತ್ತು. ಮರ ಬೇಗ ಒಣಗಲಿ ದೇವರೇ, ನಾನು ನಿಧಾನಕ್ಕೆ ಒಣಗಲಿ, ಅಂತ ಬೇಡಿಕೊಂಡು ಮನೆಗೆ ಬರುತ್ತಿದ್ದ.

ಇಂಥ ಹೊತ್ತಿಗೆ ಸಾಂಕುಂಗ್ ಸಾನ್ಯಾಂಗನ ಮನೆಯಲ್ಲಿ ಹೆಸರಿಡುವ ಹಬ್ಬ ಬಂತು.

ಸಾಂಕುಂಗ್ ಅಂದರೆ ಒಡೆಯರ ಮನೆಯ ಈಗಿನ ಯಜಮಾನ. ಇವನ ವಂಶವನ್ನೇ ಫಾಲಿಯ ವಂಶ ಏಳು ತಲೆಮಾರಿನಿಂದ ಹಾಡುತ್ತ ಬಂದಿತ್ತು. ನಲವತ್ತರ ಗಂಡಾಳು, ನಗುಮುಖ, ದೊಡ್ಡ ಕೈ. ಮರ ಕೊಳ್ಳುವವರಿಗೆ ಊರಿನಲ್ಲಿ ಎಲ್ಲವನ್ನೂ ಒದಗಿಸುವವನು ಅವನೇ, ಅದು ಗುಟ್ಟೇನಲ್ಲ. ಕೆಟ್ಟವನು ಅಂತ ಹೇಳಲಾರೆ. ಯಾರ ಮನೆಯಲ್ಲಿ ಸಾವಾದರೂ ಮೊದಲ ಅಕ್ಕಿಮೂಟೆ ಅವನದೇ. ಆದರೆ ಬಾಯಿ ಮಾತ್ರ ಹದ್ದುಬಸ್ತಿನಲ್ಲಿಲ್ಲ.

ಮಾವಿನ ಮರದ ಕೆಳಗೆ ನೂರು ಜನ ಸೇರಿದ್ದರು. ಅಡಿಕೆಯ ಹಾಗೆ ಜಗಿಯುವ ಕೋಲಾಕಾಯಿ ಹಂಚಿಯಾಗಿತ್ತು, ಶೇಂಗಾಸಾರಿನ ಘಮ ಬರುತ್ತಿತ್ತು. ಕೂಸಿನ ತಲೆ ಬೋಳಿಸಿ ಕಿವಿಯಲ್ಲಿ ಹೆಸರು ಹೇಳಿದ ಮೇಲೆ ಎಲ್ಲರೂ ಜೆಲಿಯ ಕಡೆ ತಿರುಗಿದರು. ಫಾಲಿ ಬರಿಗೈಯಲ್ಲಿ ಎದ್ದು ನಿಂತ. ನಾಲ್ಕು ವರ್ಷದಿಂದ ಅವನು ಬಾಲಾ ಇಲ್ಲದೆ, ಹಾಡುವವಳಿಲ್ಲದೆ, ಎರಡು ಆಶೀರ್ವಾದದ ಮಾತಾಡಿ ಕೂತುಬಿಡುತ್ತಿದ್ದ. ಇವತ್ತೂ ಅದನ್ನೇ ಮಾಡಿದ.

"ಏನ್ ಮಾವಾ, ಇಷ್ಟೇನಾ?" ಅಂದ ಸಾಂಕುಂಗ್. "ಇಷ್ಟು ನಮ್ಮೂರ ಕತ್ತೇನೂ ಹೇಳುತ್ತೆ!"

ಜನ ನಕ್ಕರು.

"ಬಾಲಾ ಇಲ್ವಲ್ಲಪ್ಪಾ," ಅಂದ ಫಾಲಿ.

"ಬಾಲಾ ಇಲ್ಲ, ಹಾಡೋಕೆ ತಿದತ್ತೇನೂ ಇಲ್ಲ. ಹಂಗಾದ್ರೆ ಇಷ್ಟು ದಿನ ಜೆಲಿ ಆಗಿದ್ದು ನೀನಲ್ಲ, ಅವಳೇ ಅನ್ನು! ನೀನು ಅವಳ ಜೊತೆ ಚಾಪೆ ಹೊತ್ಕೊಂಡು ಬರ್ತಿದ್ದೆ, ಅಷ್ಟೇ."

ತಮಾಷೆಗೇ ಅಂದದ್ದು. ಎಲ್ಲರೂ ಮತ್ತೆ ನಕ್ಕರು, ಫಾಲಿಯೂ ಹಲ್ಲು ಬಿಟ್ಟ. ಆದರೆ ಅವಳ ಹೆಸರು ಹಿಡಿದು ನಗಿಸಿದರಲ್ಲ! ಅವನು ಮತ್ತೆ ಎದ್ದು ನಿಂತ. ಗಂಟಲು ಸರಿಮಾಡಿಕೊಂಡು ದೊಡ್ಡ ಹಾಡನ್ನೇ ಎತ್ತಿಕೊಂಡ, ಸಾಂಕುಂಗನ ಮುತ್ತಜ್ಜ ಮಾನ್ಸಾಲಿಯ ಹಾಡು.

ಮಾನ್ಸಾಲಿಯನ್ನು ಕುದುರೆ ಸವಾರರು ಅಟ್ಟಿಸಿಕೊಂಡು ಬರುತ್ತಾರೆ. ಅವನು ಹೊಳೆ ದಾಟುತ್ತಾನೆ, ಈಟಿಯ ಗಾಯದಲ್ಲಿ ಓಡುತ್ತಾನೆ, ಕೊನೆಗೆ ಒಂದು ಕೆನೊ ಮರ ಹತ್ತಿ ಎಂಟು ದಿನ ಎಲೆಯೊಳಗೆ ಅಡಗಿರುತ್ತಾನೆ. ಫಾಲಿ ಹಾಡುತ್ತ ಹೋದಂತೆ ಜನ ಕೋಲಾಕಾಯಿ ಜಗಿಯುವುದು ಬಿಟ್ಟರು. ಮುದುಕಿಯರು ಹತ್ತಿರ ಸರಿದು ಕೂತರು. ನಾಲ್ಕು ವರ್ಷ ಮುಚ್ಚಿಟ್ಟ ಗಂಟಲು, ಅವನಿಗೇ ಅಚ್ಚರಿಯಾಗುವಂತೆ ಏರಿತು.

ಆ ಹಾಡಿನಲ್ಲಿ ಒಂದು ಜಾಗವಿದೆ. ಆ ಮರ ಎಲ್ಲಿದೆ ಅಂತ ಹೇಳಬೇಕಾದಲ್ಲಿ ಹಾಡುವವಳು ಸುಮ್ಮನಾಗುತ್ತಾಳೆ, ಬಾಲಾ ಒಂದೇ ಮಾತಾಡುತ್ತದೆ. ತಲೆತಲಾಂತರದಿಂದ ಹಾಗೆಯೇ. ಜಾಗ ಹೇಳದಿದ್ದರೆ ಹಾಡು ಸುಳ್ಳಾಗುತ್ತದೆ. ಬಾಯಲ್ಲಿ ಹೇಳಿದರೆ ಮರ ಊರಿನದಾಗುತ್ತದೆ. ಅದಕ್ಕೆ ಹಿರಿಯರು ಅದನ್ನು ಕೋಲಿನ ಪೆಟ್ಟಿನಲ್ಲಿ ಇಟ್ಟಿದ್ದರು, ತಿಳಿದವರಿಗೆ ಮಾತ್ರ ತಿಳಿಯುವ ಹಾಗೆ. ಫಾಲಿ ಆ ಜಾಗಕ್ಕೆ ಬಂದ. ವಾಡಿಕೆಯಂತೆ ನಿಲ್ಲಿಸಿದ. ಕೈ ತಾನಾಗಿ ಮುಂದೆ ಬಂತು, ಕೆಳಗೆ ಪಟ್ಟಿಗಳಿರಲಿಲ್ಲ. ನೂರು ಜನ ಅವನ ಬರಿಗೈ ನೋಡುತ್ತಿದ್ದರು.

"ಏನಾಯ್ತು ಮಾವ? ಮರೆತೋಯ್ತಾ?" ಅಂದ ಸಾಂಕುಂಗ್.

ಮರೆವು! ಆ ಮಾತೊಂದನ್ನು ಆಡಬಾರದಿತ್ತು. ಫಾಲಿಯ ಬಾಯಿ ಅವನ ಕೈಮೀರಿ ತೆರೆಯಿತು. ಭತ್ತದ ಗದ್ದೆ ಮುಗಿದಲ್ಲಿ ಎಡಕ್ಕೆ, ಮೂರು ಹುತ್ತದ ಸಾಲಿನ ಆಚೆಗೆ, ಜೇನು ಕಟ್ಟುವ ಮುಳ್ಳುಪೊದೆಯ ನಡುವೆ ಇವತ್ತಿಗೂ ನಿಂತಿದೆ ಮಾನ್ಸಾಲಿಯ ಕೆನೊ. ಹಾಡಿದ, ಸ್ಪಷ್ಟವಾಗಿ, ಎರಡು ಸಲ.

ಸಭೆ ಎದ್ದು ಕುಣಿಯಿತು. ಸಾಂಕುಂಗ್ ಕಣ್ಣೀರು ಒರೆಸಿಕೊಳ್ಳುತ್ತ ಬಂದು ತಬ್ಬಿಕೊಂಡ, ಒಂದು ಹೋತ ಉಡುಗೊರೆ ಕೊಟ್ಟ. ಅಂದು ಮಧ್ಯಾಹ್ನ ಫಾಲಿ ಹೋತವನ್ನು ಎಳೆದುಕೊಂಡು ಮನೆಗೆ ಹೋಗುವಾಗ ಖುಷಿಯಾಗಿದ್ದ. ತಿದಾಳ ಮಾನ ಉಳಿಸಿದೆ ಅಂದುಕೊಂಡಿದ್ದ. ಪೆದ್ದ.

ನಾಲ್ಕನೆಯ ದಿನ ಬೆಳಿಗ್ಗೆ ಹೋದರೆ ಪೊದೆಯಲ್ಲಿ ಲಾರಿಚಕ್ರದ ದಾರಿ. ಜೇನುಗೂಡು ಸುಟ್ಟು ಕೆಳಗೆ ಬಿದ್ದಿತ್ತು. ಮರವಿದ್ದಲ್ಲಿ ಮೊಣಕಾಲೆತ್ತರದ ಬೊಡ್ಡೆ, ಸುತ್ತ ಮಷೀನು ಗರಗಸದ ಪುಡಿ. ಕೆಂಪು ರಸ ಒಂದು ಹನಿಯೂ ಇರಲಿಲ್ಲ, ಅಷ್ಟು ಚೆನ್ನಾಗಿ ಒಣಗಿತ್ತು. ಫಾಲಿ ಆ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಸೀದಾ ಸಾಂಕುಂಗನ ಅಂಗಳಕ್ಕೆ ಹೋದ. ಅವನು ಚಹಾ ಕುದಿಸುತ್ತಿದ್ದ.

"ಕೂತ್ಕೋ ಮಾವ, ಮೊದಲ್ನೇ ಲೋಟ ನಿಂದೇ."

"ಮರ ಕಡಿಸಿದ್ಯಾ?"

"ಹೂಂ, ಕಡಿಸ್ದೆ. ಯಾಕೆ?" ಸಾಂಕುಂಗನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ನಮ್ ಮುತ್ತಜ್ಜನ ಮರ ಅಂತ ನೂರು ಜನದ ಮುಂದೆ ನೀನೇ ಹಾಡಿದ್ಯಲ್ಲಾ. ಮುತ್ತಜ್ಜಂದು ಅಂದ್ರೆ ನಂದೇ ತಾನೆ? ಅದೂ ಒಣಮರ. ಒಣಮರಕ್ಕೆ ಪರ್ಮಿಟ್ಟಿದೆ, ಹಸೀದಕ್ಕಿಲ್ಲ. ಒಂದಾದ್ರೂ ನೆಟ್ಟಗೆ ಸತ್ತ ಮರ ತೋರಿಸ್ಬೇಕು ಅಂತ ಮರ ಕೊಳ್ಳೋರು ಗಂಟುಬಿದ್ದಿದ್ರು. ನಿನ್ನಿಂದ ನನ್ನ ಮರ್ಯಾದೆ ಉಳೀತು ಮಾವ!"

ಫಾಲಿ ಬಯ್ಯುವುದಾದರೂ ಯಾರನ್ನು? ತಲೆತಲಾಂತರದಿಂದ ಕಾದದ್ದನ್ನು ಬಾಯಿಬಿಟ್ಟು ಕೊಟ್ಟವನು ತಾನೇ. "ಅದು ನನ್ನ ಬಾಲಾ ಕಣಪ್ಪಾ," ಅಂದ. "ತಿದಾಳ ಬಾಲಾ."

ಸಾಂಕುಂಗ್ ಲೋಟ ಕೆಳಗಿಟ್ಟ. "ಅಯ್ಯೋ, ಮೊದಲೇ ಒಂದು ಮಾತು ಹೇಳ್ಬಾರ್ದಿತ್ತಾ?" ಅಂದ. "ಗಡೀ ಹತ್ರ ದಿಬ್ಬದ ಮೇಲೆ ರಾಶಿ ಹಾಕಿದಾರೆ. ಶುಕ್ರವಾರ ಎಲ್ಲಾ ಹೋಗುತ್ತೆ. ನಮ್ ಕತ್ತೆಗಾಡಿ ತಗೊಂಡು ಈಗ್ಲೇ ಹೋಗು. ಅಲ್ಲಿ ಕಾವಲಿರೋನು ದೆಂಬಾ ಕಾಂದೆ, ಕೇಳಿ ನೋಡು."

ದೆಂಬಾ ಕಾಂದೆ ದನ ಸಾಕುವ ಫುಲಾನಿ ಜನದವನು, ಐವತ್ತರ ಮನುಷ್ಯ, ಕಡ್ಡಿಯಂಥ ಕಾಲು. ಕಾಂದೆಗಳಿಗೂ ಕುಯಾತೆಗಳಿಗೂ ಹಳೆಯ ನಗೆನೆಂಟಸ್ತಿಕೆ. ಎದುರಾದರೆ ಬೈಯಲೇಬೇಕು, ಬೈದಾದ ಮೇಲೆ ಕೇಳಿದ್ದಕ್ಕೆ ಇಲ್ಲ ಅನ್ನಬಾರದು. ಹೆಸರು ಕೇಳಿದ್ದೇ ತಡ, ದೆಂಬಾ ಕೋಲೆತ್ತಿಕೊಂಡು ಶುರು ಮಾಡಿದ.

"ಕುಯಾತೆನಾ? ಓಹೋಹೋ, ನಮ್ಮನೆ ಆಳು! ಎಲ್ಲಿ ಓಡೋಗಿದ್ದೆಯೋ ಇಷ್ಟು ದಿನ? ಅನ್ನದ ಬಟ್ಟಲು ನೆಕ್ಕೋಕೆ ಬಂದ್ಯಾ?"

"ಮುಚ್ಚೋ ಬಾಯಿ, ದನದ ಬಾಲ! ನಿಮ್ಮಜ್ಜನ್ನ ನಮ್ಮಜ್ಜ ದನ ಕಾಯೋಕೆ ಇಟ್ಕೊಂಡಿದ್ದ. ಹಾಲೆಲ್ಲಾ ಅವನೇ ಕುಡಿದು ಕರು ಸತ್ತೋಯ್ತು ಅಂದ."

"ನಮ್ಮಜ್ಜ ಕುಡಿದ್ರೂ ಗಟ್ಟಿಯಾಗಿ ಕುಡಿದ. ನೀವು ಊರೋರನ್ನೆಲ್ಲಾ ಹೊಗಳಿ ಹೊಗಳಿ ಬಾಯೇ ಸೊಟ್ಟ!"

ಇಬ್ಬರೂ ನಕ್ಕರು. ಎಷ್ಟೋ ದಿನಕ್ಕೆ ಒಬ್ಬರು ಅವನನ್ನು ಮನಸಾರೆ ಬೈದಿದ್ದರು, ಫಾಲಿಗೆ ಅಳು ಬಂದುಬಿಟ್ಟಿತು. ವಿಷಯವೆಲ್ಲ ಹೇಳಿದ. ದೆಂಬಾ ಕೇಳಿ ತಲೆ ಕೆರೆದುಕೊಂಡ.

"ನೆಂಟ ಕೇಳಿದ್ಮೇಲೆ ಇಲ್ಲ ಅನ್ನೋಹಂಗಿಲ್ಲ. ಒಂದು ಮಾರುದ್ದ ಕೊಯ್ದು ಕೊಡಿಸ್ತೀನಿ. ಆದ್ರೆ ನಿನ್ನ ಮರ ಯಾವ್ದು, ನೀನೇ ತೋರಿಸು."

ಫಾಲಿ ತಿರುಗಿ ನೋಡಿದ. ದಿಬ್ಬದ ತುಂಬ ದಿಮ್ಮಿಗಳು, ಮುನ್ನೂರಕ್ಕೂ ಮೇಲೆ. ಎಲ್ಲದರ ತೊಗಟೆ ಸುಲಿದಿತ್ತು, ಎಲ್ಲದರ ತುದಿಗೂ ಒಂದೇ ಬಿಳಿ ಬಣ್ಣ ಬಳಿದಿತ್ತು. ಹಸಿಮರಗಳ ಬುಡಕ್ಕೆ ಬೆಂಕಿಯಿಟ್ಟು ಕಪ್ಪು ಮಾಡಿ ಅವನ್ನೂ ಒಣಮರದ ಲೆಕ್ಕಕ್ಕೆ ಸೇರಿಸಿದ್ದರು. ಕಣ್ಣಿಗೆ ಎಲ್ಲ ಒಂದೇ. ಕಿವಿ ಒಂದೇ ದಾರಿ.

ಅವನು ಬಾಲಾದ ಕೋಲೊಂದನ್ನು ಚೀಲದಿಂದ ತೆಗೆದ. ಶುರುಮಾಡುವ ಮೊದಲು ಕಣ್ಣು ಮುಚ್ಚಿ ತಿದಾಳ ದನಿ ಹಿಡಿದು ನೋಡಿದ. ಇತ್ತು. ಕೋಲಾಕಾಯಿಯ ತುಣುಕನ್ನು ಒತ್ತರಿಸಿಕೊಳ್ಳುವ ಹಾಗೆ ಅದನ್ನು ಬಾಯಿಯ ಒಂದು ಮೂಲೆಗೆ ಒತ್ತರಿಸಿಕೊಂಡು ಮೊದಲ ದಿಮ್ಮಿಗೆ ಬಡಿದ. ಧೊಪ್ ಅಂದಿತು. ಹಸಿ. ಎರಡನೆಯದು ಧೊಪ್. ಮೂರನೆಯದು ಕೆಮ್ಮಿತು. ಪ್ರತಿಯೊಂದಕ್ಕೂ ಕಿವಿ ಒತ್ತಿ, ಸದ್ದು ಪೂರಾ ಆರುವ ತನಕ ಕಾದು, ಅಲ್ಲ ಅಂತ ತಲೆಯಾಡಿಸಿ ಮುಂದಕ್ಕೆ ಹೋದ. ಬಿಸಿಲೇರಿತು. ದೆಂಬಾ ನೀರು ತಂದುಕೊಟ್ಟ, ಅನ್ನ ತಂದುಕೊಟ್ಟ, "ಏಯ್ ಜೆಲಿ, ಯಾವ್ದೋ ಒಂದು ತಗೊಂಡು ಹೋಗೋ," ಅಂದ. ಫಾಲಿಗೆ ಕೇಳಿಸಲೇ ಇಲ್ಲ. ನೂರು ದಾಟಿತು, ಇನ್ನೂರು ದಾಟಿತು. ಮುನ್ನೂರು ಮರಗಳ ಸಾವನ್ನು ಅವನು ಒಂದೊಂದಾಗಿ ಕಿವಿಯೊಳಗೆ ಹೊಗಿಸಿಕೊಂಡ.

ಬಿಸಿಲು ಇಳಿಯುವಾಗ ರಾಶಿಯ ಹಿಂಬದಿಯಲ್ಲಿ ಒಂದು ದಿಮ್ಮಿಗೆ ಬಡಿದ. ಅದು ಹಾಡಿತು. ಉದ್ದಕ್ಕೆ, ಈ ತುದಿಯಿಂದ ಆ ತುದಿಗೆ. ಫಾಲಿ ಅದರ ಮೇಲೆ ಕೆನ್ನೆಯಿಟ್ಟು ಮಲಗಿಬಿಟ್ಟ.

"ಇದೇ ಕಣೋ ದೆಂಬಾ! ಇದೇ!"

"ನಿನ್ನ ಕಿವಿಗೆ ದೃಷ್ಟಿ ತೆಗೀಬೇಕು ಮಾರಾಯ," ಅಂದ ದೆಂಬಾ, ಬೈಯುವುದನ್ನೂ ಮರೆತು. ಮಷೀನಿನವನನ್ನು ಕರೆಸಿ ಒಂದು ಮಾರುದ್ದ ಕೊಯ್ಯಿಸಿದ, ಗಾಡಿಗೆ ಹೇರಿಸಿದ, ಗಾಡಿ ಹೊರಟ ಮೇಲೆ ಹಿಂದಿನಿಂದ "ಬೇಗ ಬಾರೋ ಆಳು, ಕೊಟ್ಟಿಗೆ ಗುಡಿಸೋದಿದೆ!" ಅಂತ ಕೂಗಿದ.

ಮನೆಗೆ ಬಂದು ಫಾಲಿ ತುಂಡನ್ನು ಸೀಳಿದ. ಹತ್ತೊಂಬತ್ತು ಪಟ್ಟಿ ಬಂದವು, ಒಂದೂ ಬಿರಿಯಲಿಲ್ಲ. ಇಪ್ಪತ್ತು ದಿನ ಸಣ್ಣ ಹೊಗೆಯ ಮೇಲೆ ಅವನ್ನು ಇಟ್ಟ. ಸೋರೆಬುರುಡೆ ಕೊರೆದು, ದನಿ ಝೇಂಕರಿಸಲಿ ಅಂತ ತೂತಿಗೆ ಜೇಡರಬಲೆಯ ತೆಳುಪೊರೆ ಅಂಟಿಸಿದ. ಆ ದಿನಗಳಲ್ಲಿ ಅವನು ಬಾಯಿ ತೆರೆಯಲಿಲ್ಲ, ದನಿಯನ್ನು ಸವೆಸಬಾರದು ಅಂತ. ಇಪ್ಪತ್ತೊಂದನೆಯ ಬೆಳಿಗ್ಗೆ ಮಿಂದು, ಶುಭ್ರ ಅಂಗಿ ತೊಟ್ಟು, ಎದುರಿಗೆ ತಿದಾಳ ಚಾಪೆ ಹಾಸಿ, ಮೊದಲ ಪಟ್ಟಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಬಾಚಿ ಹಿಡಿದ. ಕಣ್ಣು ಮುಚ್ಚಿದ. ಬಾಯಿ ತೆರೆದ.

ಧೊಪ್ ಅಂದಿತು ತಲೆಯೊಳಗೆ.

ಮತ್ತೆ ತೆರೆದ. ಧೊಪ್. ಇನ್ನೊಂದು ದಿಮ್ಮಿ ಕೆಮ್ಮಿತು. ಅವಸರ ಮಾಡಬಾರದು ಅಂದುಕೊಂಡು ಅವಳ ಬೈಗಳನ್ನು ನೆನೆದ: ತುದಿ ಕೆರಿ, ಸಾಕು ಅಂದ್ನಾ ನಾನು. ಮಾತು ಬಂತು, ದನಿ ಬರಲಿಲ್ಲ. ಬರೆದಿಟ್ಟದ್ದನ್ನು ಓದಿದ ಹಾಗಿತ್ತು. ಮಧ್ಯಾಹ್ನದವರೆಗೆ ಕೂತ. ಮರುದಿನ ಕೂತ. ಮೂರನೆಯ ದಿನ ಬೊಡ್ಡೆಯ ಹತ್ತಿರ ಹೋಗಿ ಕೂತ. ಮುನ್ನೂರು ಸತ್ತ ಮರಗಳು ಒಳಗೆ ಬಂದು ತುಂಬಿಕೊಂಡು ಅವಳೊಬ್ಬಳನ್ನು ಹೊರಗೆ ತಳ್ಳಿದ್ದವು. ಮರ ಬೇಕು ಅಂತ ಹುಡುಕಿಕೊಂಡು ಹೋದ, ಮರ ಸಿಕ್ಕಿತು. ಯಾವುದಕ್ಕೆ ಅದು ಬೇಕಿತ್ತೋ ಅದು ಹೋಯಿತು. ಇಂಥ ಅನ್ಯಾಯಕ್ಕೆ ಯಾರ ಹತ್ತಿರ ದೂರು ಹೇಳುವುದು?

ಕೊನೆಗೆ ತಿದಾಳ ತಂಗಿ ಸಾರ್ಜೋಳ ಮನೆಗೆ ಹೋದ. ಸಾರ್ಜೋ ಭತ್ತ ಕುಟ್ಟುತ್ತಿದ್ದಳು.

"ನಾದಿನಿ, ನಿಮ್ಮಕ್ಕ ಮೊದಲು ಹಿಡೀತಿದ್ದ ದನಿ ಒಂಚೂರು ಹಿಡಿದು ತೋರಿಸ್ತೀಯಾ?"

"ಯಾಕ್ ಭಾವ, ನಿಂಗ್ ಗೊತ್ತಿಲ್ವಾ?"

"ಗೊತ್ತಿದೆ. ಸುಮ್ನೆ."

ಅವಳು ಒನಕೆ ಇಟ್ಟು, ಸೆರಗಿನಲ್ಲಿ ಬೆವರೊರೆಸಿಕೊಂಡು ಹಾಡಿದಳು. ಚೆಂದವಾಗಿಯೇ ಹಾಡಿದಳು. ಅದು ಸಾರ್ಜೋಳ ದನಿ. "ಹೀಗೇ ಅಲ್ವಾ?" ಅಂತ ಕೇಳಿದಳು. ಅಲ್ಲ ಅಂತ ಮಾತ್ರ ಅವನಿಗೆ ಗೊತ್ತಿತ್ತು, ಯಾವುದು ಹೌದು ಅಂತ ಗೊತ್ತಿರಲಿಲ್ಲ. "ಹೂಂ," ಅಂದು ಎದ್ದು ಬಂದ.

ಮನೆಯಲ್ಲಿ ಮೊದಲ ಪಟ್ಟಿಯನ್ನು ಕೈಗೆತ್ತಿಕೊಂಡ. ಅಂದಾಜಿಗೆ ಕೆರೆದು ಇದೇ ತಿದಾ ಅಂದುಬಿಡಬಹುದಿತ್ತು. ನಾಲ್ಕು ದಿನಕ್ಕೆ ತಾನೇ ನಂಬಿಯೂ ಬಿಡುತ್ತಿದ್ದ. ಅದಕ್ಕೆ ಮನಸ್ಸು ಒಪ್ಪಲಿಲ್ಲ. ಬಾಚಿ ಕೆಳಗಿಟ್ಟ. ಮೊದಲ ಪಟ್ಟಿಯನ್ನು ಕೆರೆಯಲೇ ಇಲ್ಲ, ಮರ ಏನು ಹೇಳುತ್ತದೋ ಅದನ್ನೇ ಹೇಳಲಿ ಅಂತ ಬಿಟ್ಟು, ಉಳಿದ ಹದಿನೆಂಟನ್ನು ಅದರ ಹಿಂದೆ ಸೇರಿಸಿದ. ಕೆಲಸ ಮುಗಿದ ಸಂಜೆ ಖಾಲಿ ಚಾಪೆಯ ಮುಂದೆ ಕೂತು, "ತಿದಾ, ನಿನ್ನ ದನಿ ಮರೆತೆ ಕಣೇ," ಅಂದ. ಹೇಳಿದ ಮೇಲೆ ಸಂಕಟ ಕಡಿಮೆಯೇನೂ ಆಗಲಿಲ್ಲ.

ಬೇಸಿಗೆ ಕೊನೆಗೆ ಸಾರ್ಜೋಳ ಮಗಳ ಮದುವೆ. ಫಾಲಿ ಹೊಸ ಬಾಲಾ ಹೊತ್ತುಕೊಂಡು ಬಂದಾಗ ಊರಿಗೆ ಊರೇ ದಾರಿ ಬಿಟ್ಟಿತು. ಸಾಂಕುಂಗ್ ಖುದ್ದಾಗಿ ಚಾಪೆ ಹಾಸಿದ. ತಿದಾಳ ಓರಗೆಯವರು, ಅವಳ ಜೊತೆ ನೀರಿಗೆ ಹೋದವರು, ಗದ್ದೆಯಲ್ಲಿ ಅವಳ ಹಾಡಿಗೆ ದನಿಗೂಡಿಸಿದವರು ಎಲ್ಲರೂ ಮುಂದೆ ಕೂತಿದ್ದರು. ಇಪ್ಪತ್ತಾರು ವರ್ಷ ಅವಳನ್ನು ಕೇಳಿದ ಕಿವಿಗಳು. ಇವರಲ್ಲಿ ಒಬ್ಬರಿಗಾದರೂ ನೆನಪಿರುತ್ತದೆ ಅಂತ ಫಾಲಿ ನಂಬಿಕೊಂಡಿದ್ದ. ಒಬ್ಬಳೇ ಒಬ್ಬಳು ಎದ್ದು, "ಏಯ್ ಫಾಲಿ, ಇದೇನೋ? ಇದು ತಿದಾ ಅಲ್ವಲ್ಲೋ!" ಅಂತ ಬೈದರೆ ಸಾಕು. ನೂರು ಜನದ ಮುಂದೆ ಅವಮಾನವಾದರೂ ಚಿಂತೆಯಿಲ್ಲ. ಬೈದವಳ ಕಾಲು ಹಿಡಿದು, ಹಾಗಾದರೆ ಹೇಗಿತ್ತು ಹೇಳಮ್ಮಾ ಅಂತ ಕೇಳಿಬಿಡುತ್ತಿದ್ದ.

ಅವನು ಮೊದಲ ಪಟ್ಟಿ ಬಾರಿಸಿದ. ಉದ್ದಕ್ಕೆ ಹರಿಯಿತು ದನಿ.

ಫಾಲಿ ತಲೆಯೆತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದ. ಮುಂದಿನ ಸಾಲಿನ ಮುದುಕಿಯೊಬ್ಬಳು ಮುಖ ಮುಚ್ಚಿಕೊಂಡಳು. ಸಾರ್ಜೋ ಬಿಕ್ಕಿದಳು. "ನಮ್ಮಕ್ಕ! ದೇವರಾಣೆ ನಮ್ಮಕ್ಕಾನೇ!" ಅಂದಳು. "ಹೌದು ಕಣೇ, ತಿದಾನೇ, ಕಣ್ಮುಂದೆ ಬಂದು ಕೂತಂಗಾಯ್ತು," ಅಂದಳು ಇನ್ನೊಬ್ಬಳು. ಹೌದು ಹೌದು ಅಂತ ಅಂಗಳದ ತುಂಬ ಹೆಂಗಸರು ಕಣ್ಣೊರೆಸಿಕೊಂಡರು.

ಫಾಲಿ ಇನ್ನೂ ಸ್ವಲ್ಪ ಹೊತ್ತು ಕಾದ. ಯಾರೂ ಏಳಲಿಲ್ಲ. ಆಮೇಲೆ ಅವನು ತಲೆ ತಗ್ಗಿಸಿ ಮದುವೆಯ ಹಾಡು ಬಾರಿಸತೊಡಗಿದ.